ಮಗ್ಗುಲಾದರೆ ಕಾಣುವ ಮುಖ

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಹಾಲಿನವನಿಂದ ಹಿಡಿದು ಕೆಳಮನೆಯ ಟೈಲರಮ್ಮನವರೆಗೆ ಎಲ್ಲರ ಬಾಯಲ್ಲೂ ಅವರು ಕೂಲಿಂಗ್ ಗ್ಲಾಸಣ್ಣ. ಮೂವತ್ತಾರು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಸಣಕಲು ಮೈ, ದೊಡ್ಡ ಕಿವಿ, ಆ ಕಿವಿಗಳ ಮೇಲೆ ಸದಾ ಒಂದು ಕಪ್ಪು ಕನ್ನಡಕ. ಹಗಲು ಹೊರಗೆ ಹೊರಟರೆ ಕನ್ನಡಕ ಮೊದಲು, ಚಪ್ಪಲಿ ಆಮೇಲೆ. ಅದರ ಒಂದು ತಿರುಪು ಎಂದೋ ಬಿದ್ದುಹೋಗಿ ಆ ಜಾಗಕ್ಕೆ ದಾರ ಸುತ್ತಿದ್ದರು. ಬಲಗಡೆಯ ಕಡ್ಡಿಯ ತುದಿಯಲ್ಲಿ, ಯಾರೋ ಕಚ್ಚಿದ ಹಾಗೆ, ಎರಡು ಪುಟ್ಟ ಗುಳಿಗಳಿದ್ದವು. ಸಿಗ್ನಲ್ಲಿನಲ್ಲಿ ಕಾಯುತ್ತಾ ಅಪ್ಪನೇ ಕಚ್ಚಿರಬೇಕು ಎಂದು ಮಗಳು ಅಂದುಕೊಂಡಿದ್ದಳು.

ಅವರ ಬಸ್ಸು ಹತ್ತಿದವರಿಗೆ ನಿದ್ದೆ ಖಾತ್ರಿ ಎಂದು ಕಂಡಕ್ಟರುಗಳು ಆಡಿಕೊಳ್ಳುತ್ತಿದ್ದರು. ಹಾರ್ನು ಅಪರೂಪ, ಬ್ರೇಕು ಮೆತ್ತಗೆ. ಪೇಟೆಯಿಂದ ಅಣೆಕಟ್ಟಿನವರೆಗೆ ಹೋಗಿಬರುವ ರೂಟು. ಕೊನೆಯ ಒಂಬತ್ತು ಕಿಲೋಮೀಟರು ರಸ್ತೆಯ ಪಕ್ಕದಲ್ಲೇ ನೀರು. ಸಂಜೆಯ ಟ್ರಿಪ್ಪಿನಲ್ಲಿ ಸೂರ್ಯ ನೇರ ಎದುರಿಗೆ. ನೀರಿನ ಹೊಳಪು ಒಂದು ಕಡೆ, ಮಳೆ ಬಿದ್ದಿದ್ದರೆ ಡಾಂಬರಿನ ಹೊಳಪು ಇನ್ನೊಂದು ಕಡೆ. ಆ ಒಂಬತ್ತು ಕಿಲೋಮೀಟರನ್ನು ಬೇರೆ ಡ್ರೈವರುಗಳು ಬೈದುಕೊಂಡೇ ದಾಟುತ್ತಿದ್ದರು. ಇವರು ಮಾತ್ರ ಮನೆಯ ಜಗಲಿಯಲ್ಲಿ ಕೂತವರ ಹಾಗೆ ಆರಾಮಾಗಿ ಓಡಿಸುತ್ತಿದ್ದರು.

ಮಗಳಿಗೆ ಒಂದು ವರ್ಷವೂ ತುಂಬದಿದ್ದಾಗ ಹೆಂಡತಿ ತೀರಿಕೊಂಡಳು. ಎಂಟು ದಿನದ ಜ್ವರ, ಅಷ್ಟೇ. ಆಮೇಲೆ ಇನ್ನೊಂದು ಮದುವೆಯ ಮಾತಿಗೆ ಅವರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಮಗುವಿಗೆ ಅನ್ನ ಕಲಸುವುದನ್ನು ಟೈಲರಮ್ಮನಿಂದ ಕಲಿತರು. ಜಡೆ ಹಾಕುವುದನ್ನು ಮಾತ್ರ ಯಾರನ್ನೂ ಕೇಳದೆ, ಸ್ಟೇರಿಂಗಿಗೆ ಸುತ್ತುವ ಪ್ಲಾಸ್ಟಿಕ್ ವೈರಿನ ಮೇಲೆ ಡಿಪೋದಲ್ಲಿ ಕೂತು ಅಭ್ಯಾಸ ಮಾಡಿದರು. ಶಾಲೆಯಲ್ಲಿ ಎಲ್ಲರ ಜಡೆಗಿಂತ ಅವಳ ಜಡೆಯೇ ಬಿಗಿ. ಸಂಜೆಯವರೆಗೂ ಒಂದು ಎಳೆ ಆಚೀಚೆ ಆಗುತ್ತಿರಲಿಲ್ಲ. ಬಿಚ್ಚಲು ಹೋದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಆ ಮನೆಯಲ್ಲಿ ತಾಯಿಯದೆಂದು ಉಳಿದಿದ್ದದ್ದು ಒಂದೇ ಒಂದು ಫೋಟೋ. ಮಹಡಿಯ ಮೇಲಿನ ಚಿಕ್ಕ ಕೋಣೆಯ ಗೋಡೆಯಲ್ಲಿ, ಎತ್ತರದಲ್ಲಿ, ಗಾಜಿನ ಕಟ್ಟು ಹಾಕಿದ ಕಪ್ಪುಬಿಳುಪು ಫೋಟೋ. ಕೋಣೆಗೆ ಒಂದೇ ಕಿಟಕಿ. ಆ ಕಿಟಕಿ ಹಗಲೆಲ್ಲ ಫೋಟೋದ ಗಾಜಿನ ಮೇಲರ್ಧದಲ್ಲಿ ಬೆಳ್ಳಗೆ ಬಂದು ಕೂತಿರುತ್ತಿತ್ತು. ರಾತ್ರಿಯಾದರೆ ಅದೇ ಜಾಗಕ್ಕೆ ಟ್ಯೂಬ್‌ಲೈಟು. ಹುಡುಗಿಗೆ ಕಾಣುತ್ತಿದ್ದದ್ದು ಕೆಳಗಿನ ಅರ್ಧ ಮಾತ್ರ: ಗದ್ದ, ಮತ್ತು ಬಿಗಿಯಾಗಿ ಮುಚ್ಚಿದ ಒಂದು ಬಾಯಿ. ಆ ಬಾಯಿ ನೋಡಿದರೆ ಯಾರಿಗಾದರೂ ತಪ್ಪು ಮಾಡಿ ಸಿಕ್ಕಿಬಿದ್ದ ಹಾಗೆ ಅನಿಸಬೇಕು. ಫೋಟೋ ಕೆಳಗಿಳಿಸಿ ತೋರಿಸು ಎಂದು ಅವಳು ಯಾವತ್ತೂ ಕೇಳಲಿಲ್ಲ. ಅದನ್ನು ಅಪ್ಪನೊಬ್ಬರೇ ಸ್ಟೂಲು ಹತ್ತಿ ಒರೆಸುತ್ತಿದ್ದರು. ಬೇರೆಯವರು ಕೈ ಹಾಕುವಂತಿರಲಿಲ್ಲ. ಅಮ್ಮ ನನ್ನ ಮೇಲೆ ಸಿಟ್ಟು ಮಾಡಿಕೊಂಡೇ ಹೋದಳು ಎಂದು ಆರನೇ ವಯಸ್ಸಿನಲ್ಲಿ ಅವಳು ತೀರ್ಮಾನ ಮಾಡಿಕೊಂಡಳು. ಮೂವತ್ತನಾಲ್ಕಾದರೂ ಆ ತೀರ್ಮಾನ ಎದೆಯಲ್ಲಿ ಎಲ್ಲೋ ಹಾಗೇ ಕೂತಿತ್ತು. ಬೆಳೆದವಳು, ತಿಳಿದವಳು, ಅದು ಹುಚ್ಚು ಎಂದು ಗೊತ್ತಿತ್ತು. ಗೊತ್ತಿದ್ದರೇನು, ಆ ಕೋಣೆಗೆ ಹೋದಾಗೆಲ್ಲ ಕಣ್ಣು ತಾನಾಗಿ ನೆಲ ನೋಡುತ್ತಿತ್ತು.

ಅವಳಿಗೆ ಬೇಕರಿಯಲ್ಲಿ ಕೆಲಸ. ಬೆಳಗಿನ ಪಾಳಿ ಮುಗಿಸಿ, ಮುಂಗೈ ತನಕ ಹಿಟ್ಟಿನ ವಾಸನೆ ಹೊತ್ತುಕೊಂಡು ಒಂದೂವರೆಗೆಲ್ಲ ಮನೆ ಸೇರುತ್ತಿದ್ದಳು. ಎರಡು ತಿಂಗಳಿಂದ ಅವಳ ತಲೆ ಕೆಡುತ್ತಿದ್ದದ್ದು ಆ ಹೊತ್ತಿನಲ್ಲೇ.

ಅಪ್ಪ ಚಿಕ್ಕ ಕೋಣೆಯ ಮಂಚದ ಮೇಲೆ ಮಗ್ಗುಲಾಗಿ ಮಲಗಿರುತ್ತಿದ್ದರು. ಕಣ್ಣಿಗೆ ಕೂಲಿಂಗ್ ಗ್ಲಾಸು. ಮನೆಯೊಳಗೆ, ನಡು ಮಧ್ಯಾಹ್ನ, ಮಂಚದ ಮೇಲೆ, ಕೂಲಿಂಗ್ ಗ್ಲಾಸು. ನಿದ್ದೆಯೋ ಎಂದರೆ ನಿದ್ದೆಯಲ್ಲ, ತುಟಿ ಅಲ್ಲಾಡುತ್ತಿರುತ್ತಿತ್ತು. ಎದುರಿನ ಗೋಡೆಯಲ್ಲಿ ಬೆಳ್ಳಗೆ ಹೊಳೆಯುವ ಫೋಟೋ. ಊಟಕ್ಕೆ ಕರೆದರೆ, "ಬಂದೆ, ಹತ್ತು ನಿಮಿಷ," ಎನ್ನುತ್ತಿದ್ದರು. ಆ ಹತ್ತು ನಿಮಿಷದಲ್ಲಿ ಸಾರು ಎರಡು ಸಲ ಆರುತ್ತಿತ್ತು.

ಇನ್ನೂ ಇತ್ತು. ಮಂಚದ ನಾಲ್ಕು ಕಾಲಿನ ಸುತ್ತ ನೆಲದ ಮೇಲೆ ಸೀಮೆಸುಣ್ಣದ ಗುರುತು. ಒಂದು ದಿನ ಗುಡಿಸುವಾಗ ಅವಳು ಮಂಚವನ್ನು ಒಂದು ಗೇಣು ಸರಿಸಿದಳು. ಎಂದೂ ದನಿ ಎತ್ತದ ಮನುಷ್ಯ, "ಅದ್ಯಾಕೆ ಮುಟ್ದೆ?" ಎಂದು ಗದರಿ, ಸೊಂಟ ಹಿಡಿದುಕೊಂಡು ಮಂಚವನ್ನು ಗುರುತಿಗೆ ಸರಿಯಾಗಿ ಎಳೆದಿಟ್ಟರು. ಹಾಗೆ ಎಳೆದಿಟ್ಟು, ತಪ್ಪಾಯಿತೆಂಬ ಹಾಗೆ ಅವಳ ತಲೆ ಸವರಿ ಹೋದರು. ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು.

"ವಯಸ್ಸಾದ್ಮೇಲೆ ಕೆಲವ್ರಿಗೆ ಹೀಗಾಗುತ್ತೆ ಕಣೇ," ಎಂದು ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು. "ನಮ್ಮ ಅತ್ತೆ ಕೊನೆಕೊನೆಗೆ ಗಡಿಯಾರಕ್ಕೆ ಊಟ ಬಡಿಸೋರು. ಬೇಗ ಡಾಕ್ಟರಿಗೆ ತೋರಿಸು."

ಟೈಲರಮ್ಮನಿಗೆ ಸಮಾಧಾನ ಹೇಳುವ ಕಲೆ ಅಷ್ಟಕ್ಕಷ್ಟೇ. ಮಗಳು ಗುರುವಾರಕ್ಕೆ ನರರೋಗದ ಡಾಕ್ಟರ ಹತ್ತಿರ ಚೀಟಿ ಬರೆಸಿದಳು. ಅಪ್ಪನಿಗೆ ಹೇಳಲಿಲ್ಲ. ತಾಯಿಯ ನೆನಪೇ ಇಲ್ಲದವಳಿಗೆ ಇದ್ದದ್ದು ಇದೊಂದು ಜೀವ. ಅದೂ ಕಣ್ಣೆದುರೇ ಕರಗುತ್ತಿದೆಯೇನೋ ಎಂದು ಒಲೆಯ ಮುಂದೆ ನಿಂತಾಗ ಹಾಕಿದ ಉಪ್ಪನ್ನೇ ಮರೆತು ಮತ್ತೆ ಹಾಕುತ್ತಿದ್ದಳು.

ಅವರು ಸ್ನಾನಕ್ಕೆ ಹೋಗಿದ್ದಾಗ ಅವಳು ಆ ಕನ್ನಡಕವನ್ನು ಹಾಕಿಕೊಂಡು ಫೋಟೋದ ಮುಂದೆ ನಿಂತಳು. ಏನಾದರೂ ಗುಟ್ಟಿದ್ದರೆ ತನಗೂ ತಿಳಿಯಲಿ ಎಂದು. ಕೋಣೆ ಕತ್ತಲಾಯಿತು, ಅಷ್ಟೇ. ಗಾಜಿನ ಮೇಲಿನ ಬೆಳಕು ಇದ್ದ ಹಾಗೇ ಇತ್ತು. ಬಲಕ್ಕೆ ಹೋದಳು, ಎಡಕ್ಕೆ ಬಂದಳು, ಮಂಚದ ಪಕ್ಕದಲ್ಲೂ ನಿಂತು ನೋಡಿದಳು. ಎಲ್ಲಿ ನಿಂತರೂ ಅದೇ ಬಿಳಿ ಕಿಟಕಿ, ಅದೇ ಬಿಗಿದ ಬಾಯಿ. ಕನ್ನಡಕ ಕಳಚಿಟ್ಟು ಅಡುಗೆಮನೆಗೆ ಬಂದು ಸುಮ್ಮನೆ ಅತ್ತಳು. ಅಪ್ಪನ ತಲೆಯೇ ಹಾಳಾಗಿದೆ, ಇನ್ನು ಅನುಮಾನವಿಲ್ಲ.

ಆದರೂ ಕೊನೆಯದಾಗಿ ಒಂದು ಉಪಾಯ ಹೊಳೆಯಿತು. ಫೋಟೋ ಕಾಣದೆ ಅಲ್ಲವೇ ಹೀಗೆ ಗಂಟೆಗಟ್ಟಲೆ ಕಣ್ಣು ನೆಡುವುದು? ಗಾಜು ಬದಲಾಯಿಸಿಬಿಟ್ಟರೆ? ಹೊಳಪಿಲ್ಲದ ಗಾಜು ಬಂದಿದೆಯಂತೆ. ಅದನ್ನು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರೆ ಮಂಚ ಬಿಟ್ಟಾದರೂ ಏಳುತ್ತಾರೆ. ಬುಧವಾರ ಅವಳಿಗೆ ವಾರದ ರಜೆ. ಬೆಳಿಗ್ಗೆ ಅಪ್ಪ ಪಿಂಚಣಿ ಕಚೇರಿಗೆ ಹೋದದ್ದೇ ತಡ, ಸ್ಟೂಲು ಹತ್ತಿ ಫೋಟೋ ಇಳಿಸಿದಳು. ಮುಖ ನೋಡುವ ಧೈರ್ಯ ಬರಲಿಲ್ಲ. ಬೆನ್ನು ಮೇಲಾಗಿ ಹಿಡಿದು ಬೆಡ್‌ಶೀಟಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೊರಟಳು.

ಎರಡು ಬೀದಿ ಆಚೆ ಫ್ರೇಮಕ್ಕನ ಅಂಗಡಿ. ತಂದೆಯ ಕಾಲದಿಂದ ಕಟ್ಟು ಹಾಕುವವಳು. ಗಾಜು ಕೊಯ್ದು ಕೊಯ್ದು ಬೆರಳೆಲ್ಲ ಗೀರು. ಬೀದಿಯ ಬೆಳಕು ಬಾಗಿಲಿನಿಂದ ನೇರವಾಗಿ ಒಳಗಿನ ದೊಡ್ಡ ಮೇಜಿನ ಮೇಲೆ ಬೀಳುತ್ತಿತ್ತು. ಅವಳು ಫೋಟೋವನ್ನು ಅಲ್ಲಿ ಬೋರಲು ಹಾಕಿ, ಹಿಂದಿನ ಮೊಳೆಗಳನ್ನು ಇಕ್ಕಳದಿಂದ ಕಿತ್ತು, ಹಲಗೆ ಎತ್ತಿದಳು. ಫೋಟೋದ ಬೆನ್ನು ಧೂಳು ಹಿಡಿದು ಬೂದುಬಣ್ಣಕ್ಕೆ ತಿರುಗಿತ್ತು. ಬ್ಲೇಡಿನ ತುದಿಯನ್ನು ಕೆಳಗಿನ ಮೂಲೆಗೆ ಮೆಲ್ಲಗೆ ತೂರಿಸಿ ಎಬ್ಬಿಸಿದಳು. ಕಾಗದ ಎದ್ದಿತು. ಅದರ ಜೊತೆ ಏಳಬೇಕಾದದ್ದು ಏಳಲಿಲ್ಲ. ಚಿತ್ರದ ಕಪ್ಪು ಸಾಸಿವೆಯಷ್ಟು ಗಾಜಿನ ಮೇಲೇ ಉಳಿಯಿತು.

ಫ್ರೇಮಕ್ಕ ಬ್ಲೇಡು ಕೆಳಗಿಟ್ಟಳು. ಧೂಳು ಒರೆಸಿದಳು. ಬೆನ್ನಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿತ್ತು: 'ಅಂಟಿದೆ. ಬಿಡಿಸಬಾರದು.'

"ಇದು ನಮ್ಮಪ್ಪನ ಕೈಬರಹ," ಎಂದಳು ಫ್ರೇಮಕ್ಕ.

ಮಗಳು ಮೇಜಿನ ಮೇಲೆ ಬಗ್ಗಿದಳು. "ಅಂಟಿದೆ ಅಂದ್ರೆ?"

"ಯಾರೋ ಗಾಜಿಗೆ ಒತ್ತಿಟ್ಟು ಕಟ್ಟು ಹಾಕಿದಾರೆ ತಂಗಿ. ನಡುವೆ ಸುತ್ತ ಒಂದು ರಟ್ಟಿನ ಪಟ್ಟಿ ಕೊಟ್ಟು ಗಾಳಿಗೆ ಜಾಗ ಬಿಡ್ಬೇಕು. ಬಿಡದಿದ್ರೆ ತೇವಕ್ಕೆ ಫೋಟೋ ಮೆತ್ತಗಾಗಿ ಗಾಜಿಗೆ ಹಿಡ್ಕೊಳ್ಳುತ್ತೆ. ಈಗ ಎಳೆದ್ರೆ ಕಾಗದ ನಮ್ಮ ಕೈಗೆ ಬರುತ್ತೆ, ಮುಖ ಗಾಜಲ್ಲಿ ಉಳಿಯುತ್ತೆ."

ಇನ್ನೊಂದು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲೂ ಅವಳಿಗೆ ಆಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

ಫ್ರೇಮಕ್ಕ ಹಲಗೆಯನ್ನು ಇದ್ದ ಹಾಗೇ ಮುಚ್ಚಿ, ಫೋಟೋವನ್ನು ಮೇಜಿನ ಮೇಲೆ ಅಂಗಾತ ತಿರುಗಿಸಿದಳು. "ಗಾಜಿನ ಮೇಲಿಂದಲೇ ಒಂದು ಪ್ರತಿ ತೆಗೆಯೋಣ," ಎಂದು ಮೊಬೈಲು ಹಿಡಿದಳು. ಪರದೆಯಲ್ಲಿ ಬಂದದ್ದು ಅಂಗಡಿಯ ಬಾಗಿಲು, ಬೀದಿಯ ಆಕಾಶ. ಕಪ್ಪು ಬಟ್ಟೆ ಅಡ್ಡ ಹಿಡಿದರೆ ಬಟ್ಟೆಯ ಮಡಿಕೆ ಕಂಡಿತು. ಬಾಗಿಲು ಹಾಕಿ ಲೈಟು ಹಚ್ಚಿದರೆ ಲೈಟು ಕಂಡಿತು. ಬಾಗಿಲು ತೆಗೆದು ಮತ್ತೆ ಮೊದಲಿಂದ ಶುರು ಮಾಡುವಷ್ಟರಲ್ಲಿ ಹೊಸ್ತಿಲ ಮೇಲೆ ಒಂದು ನೆರಳು ಬಿತ್ತು.

ಅಪ್ಪ. ತಲೆಗೂದಲು ಕೆದರಿತ್ತು, ಕಾಲಲ್ಲಿ ಒಂದು ಮನೆಯ ಚಪ್ಪಲಿ, ಒಂದು ಹೊರಗಿನದು. ಖಾಲಿ ಮೊಳೆ ನೋಡಿದವರೇ, ಟೈಲರಮ್ಮ ಕೈ ತೋರಿಸಿದ ದಿಕ್ಕಿಗೆ ಓಡಿಬಂದಿದ್ದರು. ಅರವತ್ತಾರರ ಮನುಷ್ಯ ಏದುಸಿರು ಬಿಡುತ್ತಾ ಮೊದಲು ಮೇಜಿನ ಕಡೆ ನೋಡಿದರು, ಆಮೇಲೆ ಮಗಳ ಕಡೆ.

"ಬಿಡಿಸಿದ್ರಾ?" ಎಂದರು.

"ಇಲ್ಲಣ್ಣ," ಎಂದಳು ಫ್ರೇಮಕ್ಕ. "ನಮ್ಮಪ್ಪ ಬರೆದಿಟ್ಟಿದ್ರು. ಕೈ ತಡೀತು."

ಮಗಳು ಎದ್ದುಬಂದು ಅವರ ತೋಳು ಹಿಡಿದಳು.

"ತಪ್ಪಾಯ್ತಪ್ಪಾ. ಗಾಜು ಬದಲಾಯಿಸಿ ನಿನಗೆ ಚೆನ್ನಾಗಿ ಕಾಣೋ ಹಾಗೆ ಮಾಡೋಣ ಅಂದ್ಕೊಂಡೆ. ಅಂಟಿರೋದು ನನಗೆ ಗೊತ್ತಿರ್ಲಿಲ್ಲ."

"ಎಲ್ಲಿಂದ ಗೊತ್ತಾಗ್ಬೇಕು, ನಾನು ಹೇಳಿದ್ರೆ ತಾನೆ? ತಪ್ಪು ನಿಂದಲ್ಲ, ನಂದು." ಅವರು ಫ್ರೇಮಕ್ಕನ ಕಡೆ ತಿರುಗಿದರು. "ಇವಳಮ್ಮ ತೀರಿಹೋದ ತಿಂಗಳೇ ಡಿಪೋದಲ್ಲಿ ನಾನೇ ಕಟ್ಟು ಹಾಕ್ದೆ. ಬಸ್ಸಿನ ಕಿಟಕಿಗೆ ಗಾಜು ಕೂರಿಸೋ ಹಾಗೆ, ಅಲ್ಲಾಡದ ಹಾಗೆ, ಒತ್ತಿ ಕೂರಿಸ್ದೆ. ಧೂಳೂ ಹೋಗ್ಬಾರ್ದು ಅಂತ. ಎರಡು ಮಳೆಗಾಲಕ್ಕೆ ಹಿಡ್ಕೊಂಡಿತು. ನಿಮ್ಮ ತಂದೆ ಹತ್ರ ತಂದಾಗ ಅವರು ಒಂದು ಮಾತೂ ಬೈಲಿಲ್ಲ. ಮನೆಗೆ ತಗೊಂಡು ಹೋಗಿ, ಹೀಗೇ ಇಟ್ಕೊಳ್ಳಿ ಅಂದ್ರು."

ಮಗಳು ಅವರ ತೋಳು ಬಿಡಲಿಲ್ಲ. "ಅಪ್ಪಾ, ಮತ್ತೆ ಮಧ್ಯಾಹ್ನ ಹಾಗೆ ಮಲಗಿಕೊಂಡು ಏನು ಮಾಡ್ತೀಯ? ನಿಜ ಹೇಳು. ನಾಳೆ ಡಾಕ್ಟರ ಹತ್ರ ಚೀಟಿ ಬರೆಸಿದೀನಿ."

"ಕಣ್ಣಿಂದಾ?"

"ತಲೇದು."

ಕೂಲಿಂಗ್ ಗ್ಲಾಸಣ್ಣ ನಕ್ಕುಬಿಟ್ಟರು. ಏದುಸಿರಿನ ನಡುವೆ ಬಂದ ನಗು ಕೆಮ್ಮಾಗಿ, ಫ್ರೇಮಕ್ಕ ನೀರು ಕೊಡಬೇಕಾಯಿತು. ಅವರು ನೀರು ಕುಡಿದು, ಜೇಬಿನಿಂದ ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿದರು.

"ಬಾ ಇಲ್ಲಿ. ಮೇಜಿನ ಈ ಕಡೆ ನಿಂತ್ಕೋ. ಬಾಗಿಲಿನ ಬೆಳಕು ಎದುರಿಂದ ಬಂದು ಗಾಜಿಗೆ ಬಿದ್ದು ನಿನ್ನ ಕಡೆ ಏಳ್ಬೇಕು. ತೀರಾ ಬಗ್ಗಿ ಮೇಲಿಂದ ನೋಡ್ಬೇಡ, ಸ್ವಲ್ಪ ಹಿಂದೆ ಹೋಗು. ಹಾಂ, ಇನ್ನೂ ಒಂದು ಹೆಜ್ಜೆ. ಅಲ್ಲೇ." ಕನ್ನಡಕವನ್ನು ಅವಳ ಮೂಗಿನ ಮೇಲೆ ತಾವೇ ಇಟ್ಟರು, ಚಿಕ್ಕಂದಿನಲ್ಲಿ ಮೂಗು ಒರೆಸುತ್ತಿದ್ದ ಅದೇ ಗಂಭೀರ ಮುಖದಿಂದ.

"ಇದನ್ನ ನಾನು ಆಗಲೇ ಹಾಕ್ಕೊಂಡು ನೋಡಿದೀನಿ ಅಪ್ಪಾ. ಏನೂ ಕಾಣ್ಸಲ್ಲ."

"ನಿಂತ್ಕೊಂಡು ನೋಡಿರ್ತೀಯ. ಗೋಡೆ ಮೇಲೆ ಅವಳು ನಿಂತಿರ್ತಾಳೆ, ಅದಕ್ಕೇ ನಾನು ಮಲಗ್ತೀನಿ. ಇಲ್ಲಿ ಅವಳು ಮಲಗಿದಾಳೆ. ನೀನು ನಿಂತೇ ನೋಡು."

ಅವಳು ನೋಡಿದಳು.

ಬಾಗಿಲಿನ ಬೆಳಕು ಗಾಜಿನ ಮೇಲೆ ಇರಲಿಲ್ಲ. ಬೀದಿಯ ಆಕಾಶ ಇರಲಿಲ್ಲ. ಗಾಜೇ ಇರಲಿಲ್ಲವೇನೋ ಎಂಬಂತೆ, ಅದರ ಆಚೆ, ಒಬ್ಬ ಇಪ್ಪತ್ತೈದರ ಹೆಂಗಸು ಅವಳನ್ನೇ ನೋಡುತ್ತಿದ್ದಳು. ಅಗಲವಾದ ಹಣೆ. ಎಡ ಹುಬ್ಬಿನ ಪಕ್ಕದಲ್ಲಿ ಒಂದು ಮಚ್ಚೆ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ, ಕಣ್ಣುಗಳು.

ಅವಳು ಕನ್ನಡಕ ಕಳಚಿದಳು. ಬೆಳಕು ಬಂದು ಮುಖ ಮುಚ್ಚಿತು. ಹಾಕಿಕೊಂಡಳು, ಮುಖ ಬಂತು. ಕನ್ನಡಕವನ್ನು ಕೈಯಲ್ಲಿ ಹಿಡಿದು ಒಂದು ಗಾಜನ್ನು ಕಣ್ಣಿಗೆ ಹತ್ತಿರ ತಂದು ಮೆಲ್ಲಗೆ ತಿರುಗಿಸಿದಳು. ಅಡ್ಡ ಇದ್ದದ್ದು ನೆಟ್ಟಗಾಗುತ್ತಾ ಹೋದ ಹಾಗೆ ಬೆಳಕು ಸ್ವಲ್ಪ ಸ್ವಲ್ಪವೇ ಮರಳಿ ತುಂಬಿಕೊಂಡಿತು.

"ಇದು ಹೇಗೆ ಅಪ್ಪಾ?"

"ನಿಮ್ಮಮ್ಮ ಹೇಳಿಕೊಟ್ಟಿದ್ದು," ಎಂದರು ಅವರು. "ಒಂದು ಸಂಜೆ ನೀರಿನ ಪಕ್ಕದ ರಸ್ತೇಲಿ ಹೊಳಪು ಕಣ್ಣು ಕುಕ್ಕಿ, ಸೈಕಲ್ಲಿನವನೊಬ್ಬ ಕೂದಲೆಳೆಯಲ್ಲಿ ಉಳ್ಕೊಂಡ. ಮನೆಗೆ ಬಂದು ಅನ್ನದ ತಟ್ಟೆ ಮುಟ್ಟದೆ ಕೂತಿದ್ದೆ. ಮಾರನೇ ದಿನ ಅವಳೇ ಕನ್ನಡಕದ ಅಂಗಡಿಗೆ ಹೋಗಿ, ಎಲ್ಲಾ ಕೇಳಿ ತಿಳ್ಕೊಂಡು ಇದನ್ನ ತಂದಳು. ಕಪ್ಪು ಗಾಜು ಹಾಕ್ಕೊಂಡ್ರೆ ಇನ್ನೂ ಕತ್ತಲಾಗುತ್ತೆ, ಬೇಡ ಅಂದೆ. ಕೇಳ್ಬೇಕಲ್ಲ. ಬಟ್ಟೆ ಒಣಗಿಸೋ ಹಗ್ಗ ತಂದು, ಒಂದು ತುದಿ ಹೊರಗೆ ಕಟ್ಟಿ, ಕಿಟಕಿಯ ನೆಟ್ಟನೆ ಸರಳಿನ ನಡುವಿಂದ ಎಳ್ಕೊಂಡು ಬಂದು ನನ್ನ ಕೈಗೆ ಕೊಟ್ಟಳು. ಮೇಲೆ ಕೆಳಗೆ ಆಡ್ಸು ಅಂದಳು. ಆಡಿಸ್ದೆ, ಅಲೆ ಸರಳು ದಾಟಿ ಹೊರಗಿನ ತನಕ ಹೋಯ್ತು. ಈಗ ಅಡ್ಡಡ್ಡ ಆಡ್ಸು ಅಂದಳು. ಸರಳಿಗೆ ಬಡಿದು ಅಲ್ಲೇ ಸತ್ತುಹೋಯ್ತು."

ಫ್ರೇಮಕ್ಕ ಕೆಲಸ ಬಿಟ್ಟು ಕೇಳುತ್ತಿದ್ದಳು. ಅಪ್ಪ ಮುಂದುವರಿಸಿದರು.

"ಸೂರ್ಯನಿಂದ ಬರೋ ಬೆಳಕು ಎಲ್ಲಾ ಕಡೆಗೂ ಅಲ್ಲಾಡ್ತಾ ಬರುತ್ತಂತೆ. ನೀರಿಗೋ ಗಾಜಿಗೋ ಓರೆಯಾಗಿ ಬಿದ್ದಾಗ ಒಂದಷ್ಟು ಒಳಗೆ ಹೋಗುತ್ತೆ, ಒಂದಷ್ಟು ಪುಟಿದು ಆಚೆ ಬರುತ್ತೆ. ಹಾಗೆ ಪುಟಿದಿದ್ದು ಒಂದೇ ಕಡೆಗೆ ಅಲ್ಲಾಡುತ್ತೆ. ನೀರು ಮಲಗಿದ್ರೆ ಅಡ್ಡಡ್ಡ. ಈ ಕನ್ನಡಕದಲ್ಲಿ ಕಣ್ಣಿಗೆ ಕಾಣದ ನೆಟ್ಟನೆ ಸರಳು ಇದ್ದ ಹಾಗೆ. ಅಡ್ಡ ಆಡೋದನ್ನ ಬಿಡಲ್ಲ. ಸ್ಟೀಲ್ ಲೋಟದ ಹೊಳಪಿಗೆ ಇದು ಆಗಲ್ಲ, ನಾನು ನೋಡಿದೀನಿ. ನೀರು, ಗಾಜು, ಇಂಥವಕ್ಕೆ ಆಗುತ್ತೆ. ಅದೂ ಒಂದು ಓರೆಯಿಂದ ನೋಡಿದ್ರೆ ಮಾತ್ರ ಪೂರ್ತಿ ಹೋಗೋದು."

"ಅದಕ್ಕೆ ಮಂಚಕ್ಕೆ ಸೀಮೆಸುಣ್ಣ," ಎಂದಳು ಮಗಳು.

"ಒಂದು ಗೇಣು ಆಚೀಚೆ ಆದ್ರೂ ಅವಳ ಕಣ್ಣಿಗೆ ಪೊರೆ ಬಂದ ಹಾಗೆ ಆಗುತ್ತೆ ಕಣೆ." ಅವರು ಮೇಜಿನ ಅಂಚನ್ನು ಸವರಿದರು. "ಇಪ್ಪತ್ತೈದು ವರ್ಷದ ಮೇಲೆ ಇದನ್ನ ಹಾಕ್ಕೊಂಡು ರಸ್ತೆ ನೋಡ್ದೆ. ಮನೇಲಿರೋ ಫೋಟೋ ನೋಡ್ಬೇಕು ಅಂತ ಹೊಳೀಲೇ ಇಲ್ಲ. ಹೊಳೆದು ನಿಂತು ನೋಡಿದ್ರೂ ಕಾಣ್ತಿರ್ಲಿಲ್ಲ. ನಿಂತಿರೋ ಗಾಜಿಂದ ಪುಟಿದಿದ್ದು ಮೇಲೆ ಕೆಳಗೆ ಆಡುತ್ತೆ, ಕನ್ನಡಕದ ಸರಳನ್ನೂ ಮಲಗಿಸಿದ್ರೇ ಅದನ್ನ ತಡೆಯೋದು. ಎರಡು ತಿಂಗಳ ಹಿಂದೆ ಆಸ್ಪತ್ರೇಲಿ ಕಣ್ಣಿಗೆ ಔಷಧಿ ಬಿಟ್ಟು ಕಳಿಸಿದ್ರಲ್ಲ, ಬೆಳಕು ತಡೀಲಾರದೆ ಕನ್ನಡಕ ಹಾಕ್ಕೊಂಡೇ ಮಗ್ಗುಲಾದೆ. ಎದುರಿಗೆ ಇವಳು. ಎದ್ದು ಕೂತೆ, ಹೋದಳು. ಮಲಗ್ದೆ, ಬಂದಳು."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಡಾಕ್ಟರ ಹತ್ರ ಚೀಟಿ ಬರೆಸ್ತಿದ್ದೆ."

ಫ್ರೇಮಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಮಗಳು ನಗಲಿಲ್ಲ. ಮತ್ತೆ ಕನ್ನಡಕ ಹಾಕಿಕೊಂಡು ಮೇಜಿನ ಮುಂದೆ ನಿಂತಿದ್ದಳು. ಬಾಯಿ ಅದೇ ಬಾಯಿ, ಆರನೇ ವಯಸ್ಸಿನಿಂದ ಹೆದರಿಕೊಂಡು ಬಂದ ಬಿಗಿದ ಬಾಯಿ. ಆದರೆ ಮೇಲಿನ ಕಣ್ಣುಗಳು ಬೇರೆಯೇ ಏನೋ ಹೇಳುತ್ತಿದ್ದವು. ಅಂಚಿನಲ್ಲಿ ಸುಕ್ಕು, ಒಳಗೆ ಮಿಂಚು. ಕಣ್ಣು, ಬಾಯಿ ಎರಡನ್ನೂ ಸೇರಿಸಿ ನೋಡಿದರೆ ಆ ತುಟಿ ಸಿಟ್ಟಿನಿಂದ ಬಿಗಿದದ್ದಾಗಿರಲಿಲ್ಲ.

"ಅಪ್ಪಾ, ಅಮ್ಮ ನಗ್ತಿದಾಳೆ," ಎಂದಳು.

"ಮತ್ತಿನ್ನೇನು. ತಡ್ಕೊಂಡಿದಾಳೆ ಅಷ್ಟೆ."

"ನಾನು..." ಅವಳು ಕನ್ನಡಕ ಸರಿಮಾಡಿಕೊಂಡಳು. "ನಾನು ಇಷ್ಟು ದಿನ ಅಮ್ಮನಿಗೆ ನನ್ನ ಮೇಲೆ ಸಿಟ್ಟು ಅಂದ್ಕೊಂಡಿದ್ದೆ."

ಅಪ್ಪ ಅವಳನ್ನು ನೋಡಿದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಇದೊಂದು ತಮಗೆ ಗೊತ್ತಾಗಲಿಲ್ಲವಲ್ಲ ಎಂಬ ಸಂಕಟ ಆ ಮುಖದ ಮೇಲೆ ಹಾಗೇ ಬಂದು ನಿಂತಿತು.

"ಸ್ಟುಡಿಯೋದವನು ಅಲ್ಲಾಡ್ಬೇಡಿ, ನಗ್ಬೇಡಿ ಅಂದಿದ್ದ," ಎಂದರು. "ನಾನು ಅವನ ಹಿಂದೆ ನಿನ್ನ ಎತ್ಕೊಂಡು ನಿಂತಿದ್ದೆ. ಈ ಕನ್ನಡಕ ಆಗ ಹೊಸದು, ಮುಖದ ಮೇಲಿತ್ತು. ನಿನಗೆ ಆಗಷ್ಟೇ ಎರಡು ಹಲ್ಲು ಬಂದಿತ್ತು. ಅವನು ಗುಂಡಿ ಒತ್ತೋ ಹೊತ್ತಿಗೆ ಸರಿಯಾಗಿ ನೀನು ಇದನ್ನ ನನ್ನ ಮೂಗಿಂದ ಕಿತ್ಕೊಂಡು ಬಾಯಿಗಿಟ್ಟು ಕಚ್ಚಿ ಹಿಡ್ಕೊಂಡೆ. ಎಳೆದ್ರೂ ಬಿಡ್ಲಿಲ್ಲ. ಅವಳು ನೋಡ್ತಾ ಇರೋದು ಕ್ಯಾಮೆರಾನ ಅಲ್ಲ. ನಿನ್ನ."

ಅವಳ ಬೆರಳು ತಾನಾಗಿ ಕಿವಿಯ ಹಿಂದೆ ಹೋಗಿ, ಬಲಗಡೆಯ ಕಡ್ಡಿಯ ತುದಿಯಲ್ಲಿ ಆ ಎರಡು ಪುಟ್ಟ ಗುಳಿಗಳನ್ನು ಹುಡುಕಿತು. ಸಿಕ್ಕಿದವು. ಆಮೇಲೆ ಅವಳು ಅತ್ತದ್ದನ್ನು ಕಪ್ಪು ಗಾಜು ಮುಚ್ಚಿಟ್ಟಿತು ಎಂದು ಅವಳೇ ಅಂದುಕೊಂಡಳು. ಗದ್ದದ ತನಕ ಇಳಿದದ್ದು ಉಳಿದಿಬ್ಬರಿಗೂ ಕಾಣುತ್ತಿತ್ತು.

ಫ್ರೇಮಕ್ಕ ಕನ್ನಡಕದ ಒಂದು ಗಾಜನ್ನು ಮೊಬೈಲಿನ ಮುಂದೆ ಹಿಡಿದು, ತಿರುಗಿಸಿ ತಿರುಗಿಸಿ, ಅಂತೂ ಒಂದು ಒಳ್ಳೆಯ ಪ್ರತಿ ತೆಗೆದಳು. ಓರೆಯಿಂದ ತೆಗೆದದ್ದಕ್ಕೆ ಕಟ್ಟು ಒಂದು ಕಡೆ ಕಿರಿದಾಗಿ ಬಂದಿತ್ತು. ಅದನ್ನು ಕಂಪ್ಯೂಟರಿನಲ್ಲಿ ನೇರ ಮಾಡಿಸಿ, ಸುತ್ತ ರಟ್ಟಿನ ಪಟ್ಟಿ ಕೊಟ್ಟು, ಹೊಳಪಿಲ್ಲದ ಗಾಜು ಹಾಕಿ ಶನಿವಾರ ಕಳಿಸಿದಳು. ಈಗ ಅದು ನಡುಮನೆಯಲ್ಲಿದೆ. ಯಾರು ಎಲ್ಲಿ ನಿಂತು ನೋಡಿದರೂ ಕಾಣುತ್ತದೆ. ಟೈಲರಮ್ಮ ನೋಡಿ, "ಮಗಳದೇ ಹುಬ್ಬು," ಎಂದಳು. ಜೀವಮಾನದಲ್ಲಿ ಒಮ್ಮೆ ಸಮಾಧಾನದ ಮಾತಾಡಿದಳು. ಡಾಕ್ಟರ ಚೀಟಿ ರದ್ದಾಯಿತು. ಮೂಲೆಯಲ್ಲಿ ಸಾಸಿವೆಯಷ್ಟು ಕುಂದು ಬಂದ ಹಳೆಯ ಫೋಟೋ ಚಿಕ್ಕ ಕೋಣೆಯ ಅದೇ ಮೊಳೆಗೆ ಮರಳಿತು.

ಮಾರನೆಯ ವಾರ ಒಂದು ದಿನ ಬೇಕರಿಯಿಂದ ಬಂದವಳು ಅಡುಗೆಮನೆಗೆ ಹೋಗಲಿಲ್ಲ. ನಡುಮನೆಯ ಫೋಟೋದ ಮುಂದೆಯೂ ನಿಲ್ಲಲಿಲ್ಲ. ಕೈ ತೊಳೆದುಕೊಂಡು ನೇರ ಚಿಕ್ಕ ಕೋಣೆಗೆ ಹೋದಳು. ಅಪ್ಪ ಮಗ್ಗುಲಾಗಿ ಮಲಗಿದ್ದರು, ಕಣ್ಣಿಗೆ ಕೂಲಿಂಗ್ ಗ್ಲಾಸು. ಮಂಚದ ಕಾಲು ಸೀಮೆಸುಣ್ಣದ ಗುರುತಿನ ಒಳಗೇ ಇದೆಯೇ ಎಂದು ಒಮ್ಮೆ ಬಗ್ಗಿ ನೋಡಿದಳು.

"ಸ್ವಲ್ಪ ಸರಿಯಪ್ಪಾ," ಎಂದಳು. "ಈಗ ನನ್ನ ಪಾಳಿ."